ಸ್ಕ್ಯಾನಿಂಗ್‌ನ ‘ಡೈ’ ಮತ್ತು ಮೂತ್ರಪಿಂಡ: ಭಯವೂ ಬೇಡ, ಉದಾಸೀನವೂ ಬೇಡ



ಎದೆನೋವಿಗೆ ಆಂಜಿಯೋಗ್ರಾಮ್, ಹೊಟ್ಟೆಯ ಗಡ್ಡೆಗೆ ಸಿ.ಟಿ. ಸ್ಕ್ಯಾನ್, ಬೆನ್ನುಹುರಿಯ ತೊಂದರೆಗೆ ಎಂ.ಆರ್.ಐ. ಎಂಬ ಮಾತುಗಳು ಈಗ ನಮ್ಮ ಭಾಗದ ಮನೆಮನೆಯ ಮಾತುಗಳಾಗಿವೆ. ಒಂದು ಕಾಲಕ್ಕೆ ಇಂತಹ ಪರೀಕ್ಷೆಗಳಿಗಾಗಿ ನಮ್ಮ ಜನ ಮಿರಜ್, ಸೊಲ್ಲಾಪುರ, ಹುಬ್ಬಳ್ಳಿಗಳ ದಾರಿ ಹಿಡಿಯಬೇಕಾಗಿತ್ತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ನವನಗರ ಬೆಳೆಯಿತು; ವೈದ್ಯಕೀಯ ಮಹಾವಿದ್ಯಾಲಯ ಬಂದಿತು, ದೊಡ್ಡ ಆಸ್ಪತ್ರೆಗಳು ಬಂದವು. ಬಾದಾಮಿ, ಹುನಗುಂದ, ಇಳಕಲ್‌ನಿಂದ ಮುಂಜಾನೆ ಹೊರಟವರು ಸಂಜೆಗೆ ಸ್ಕ್ಯಾನಿಂಗ್ ಮುಗಿಸಿಕೊಂಡು ಮನೆ ಸೇರುವಂತಾಗಿದೆ. ಇದು ಸಂತೋಷದ ಸಂಗತಿ.

ಆದರೆ ಈ ಅನುಕೂಲದೊಡನೆ ಒಂದು ಅಂಜಿಕೆಯೂ ಊರು ಸೇರಿದೆ. ‘ಡೈ ಹಾಕಿ ಸ್ಕ್ಯಾನ್ ಮಾಡಿದರ ಕಿಡ್ನಿ ಹೋಗ್ತಾವಂತ, ಖರೇ ಏನ್ರೀ ಡಾಕ್ಟರ?’ ಎಂದು ಕೇಳದ ವಾರವಿಲ್ಲ. ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಹೃದಯದ ರಕ್ತನಾಳ ಕಟ್ಟಿಕೊಂಡಿರಬಹುದೆಂದು ವೈದ್ಯರು ಆಂಜಿಯೋಗ್ರಾಮ್‌ಗೆ ಬರೆದುಕೊಟ್ಟರೂ, ಮೂತ್ರಪಿಂಡದ ಭಯದಿಂದ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುವವರು ಮೊದಲನೆಯವರು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಒಮ್ಮೆಯೂ ಮೂತ್ರಪಿಂಡದ ಪರೀಕ್ಷೆ ಮಾಡಿಸದೆ, ದಿನವೂ ನೋವಿನ ಗುಳಿಗೆ ನುಂಗುತ್ತ, ಅದಾವುದನ್ನೂ ಹೇಳದೆ ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗುವವರು ಎರಡನೆಯವರು. ಮೊದಲನೆಯವರಿಗೆ ಭಯ ಹೆಚ್ಚು, ಎರಡನೆಯವರಿಗೆ ಎಚ್ಚರ ಕಡಿಮೆ. ಇಬ್ಬರೂ ಅಪಾಯದಲ್ಲಿದ್ದಾರೆ. ಮೂತ್ರಪಿಂಡದ ರಕ್ಷಣೆ ಸ್ಕ್ಯಾನಿಂಗ್ ಕೋಣೆಯಲ್ಲಿ ಆರಂಭವಾಗುವುದಲ್ಲ, ನಮ್ಮ ಮನೆಯಲ್ಲಿ ಮತ್ತು ಊರಿನ ವೈದ್ಯರ ಬಳಿಯಲ್ಲಿ ಆರಂಭವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ಲೇಖನದಲ್ಲಿ ನಿವೇದಿಸುತ್ತೇನೆ.

ಈ ‘ಡೈ’ ಎಂದರೇನು?

ಜನ ಅದನ್ನು ಡೈ ಎಂದರೂ ಅದು ಬಣ್ಣವಲ್ಲ. ನೀರಿನಂತೆ ತಿಳಿಯಾಗಿ, ನೀರಿಗಿಂತ ಮಂದವಾಗಿರುವ ದ್ರವ. ವೈದ್ಯರು ಅದನ್ನು ಕಾಂಟ್ರಾಸ್ಟ್ ಎನ್ನುತ್ತಾರೆ. ಸಿ.ಟಿ. ಮತ್ತು ಆಂಜಿಯೋಗ್ರಾಮ್‌ಗಳಲ್ಲಿ ಬಳಸುವ ಕಾಂಟ್ರಾಸ್ಟ್‌ನಲ್ಲಿ ಅಯೋಡಿನ್ ಇರುತ್ತದೆ. ಅಯೋಡಿನ್ ತೂಕದ ಧಾತು, ಕ್ಷಕಿರಣವನ್ನು ತಡೆಯುತ್ತದೆ. ಆದ್ದರಿಂದ ಅದು ಹರಿದ ರಕ್ತನಾಳ, ಅದು ತುಂಬಿಕೊಂಡ ಗಡ್ಡೆ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ.

ಇದರ ಇತಿಹಾಸವೂ ಕುತೂಹಲಕರ. ರಾಂಟ್ಜನ್ ಕ್ಷಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಅದರಿಂದ ಎಲುಬು ಕಂಡಿತು. ಮೂತ್ರಮಾರ್ಗವಾಗಲಿ ರಕ್ತನಾಳವಾಗಲಿ ಸ್ಪಷ್ಟವಾಗಿ ಕಾಣಲಿಲ್ಲ. 1920ರ ದಶಕದ ಆರಂಭದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು, ಮೇಹರೋಗಕ್ಕೆಂದು ಸೋಡಿಯಂ ಅಯೋಡೈಡ್ ಪಡೆಯುತ್ತಿದ್ದ ರೋಗಿಗಳ ಎಕ್ಸ್‌ರೇಯಲ್ಲಿ ಮೂತ್ರಕೋಶ ಎದ್ದು ಕಾಣುವುದನ್ನು ಗಮನಿಸಿದರು; 1923ರಲ್ಲಿ ಅದನ್ನು ಪ್ರಕಟಿಸಿದರು. ಅಂದರೆ ಔಷಧವಾಗಿ ಒಳಹೋದ ಅಯೋಡಿನ್ ಮೂತ್ರಪಿಂಡದ ಮೂಲಕ ಹೊರಬರುವಾಗ ತನ್ನ ದಾರಿಯನ್ನು ತಾನೇ ತೋರಿಸಿಕೊಟ್ಟಿತು. 1927ರಲ್ಲಿ ಪೋರ್ಚುಗಲ್‌ನ ಈಗಾಸ್ ಮೋನಿಷ್ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ಆರಂಭದ ದ್ರವಗಳು ರಕ್ತಕ್ಕಿಂತ ಬಹಳ ಗಾಢವಾಗಿದ್ದು ದೇಹಕ್ಕೆ ಉರಿ, ಸಂಕಟಗಳನ್ನು ಉಂಟುಮಾಡುತ್ತಿದ್ದವು. ಸ್ವೀಡನ್‌ನ ಟಾರ್ಸ್ಟೆನ್ ಆಲ್ಮೆನ್ ಎಂಬ ವೈದ್ಯರು ಆ ಗಾಢತೆಯನ್ನು ತಗ್ಗಿಸುವ ಮಾರ್ಗ ತೋರಿದ ಮೇಲೆ ಸೌಮ್ಯವಾದ ದ್ರವಗಳು ಬಳಕೆಗೆ ಬಂದವು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಬಳಸುವುದು ಈ ಸೌಮ್ಯ ಜಾತಿಯ ಕಾಂಟ್ರಾಸ್ಟನ್ನೇ. ಹಳೆಯ ಕಾಲದ ಭಯವನ್ನು ಇಂದಿನ ದ್ರವದ ಮೇಲೆ ಹೊರಿಸುವಾಗ ಈ ವ್ಯತ್ಯಾಸ ನೆನಪಿರಬೇಕು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಎಲ್ಲ ಪರೀಕ್ಷೆಗೂ ಕಾಂಟ್ರಾಸ್ಟ್ ಬೇಕಾಗುವುದಿಲ್ಲ. ಸಾದಾ ಎಕ್ಸ್‌ರೇಗೆ ಬೇಡ, ಗರ್ಭಿಣಿಯರಿಗೆ ಮಾಡುವ ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬೇಡ. ಮೂತ್ರದ ಹರಳನ್ನು ನೋಡುವ ಸಿ.ಟಿ.ಯೂ ಬಹುಮಟ್ಟಿಗೆ ಕಾಂಟ್ರಾಸ್ಟ್ ಇಲ್ಲದೆಯೇ ಆಗುತ್ತದೆ. ಎಂ.ಆರ್.ಐ.ಗೆ ಬೇಕಾದಾಗ ಹಾಕುವುದು ಅಯೋಡಿನ್ ಅಲ್ಲ, ಗ್ಯಾಡೊಲಿನಿಯಂ ಎಂಬ ಬೇರೆ ಧಾತುವಿನ ದ್ರವ. ಮೂತ್ರಪಿಂಡ ಪೂರ್ತಿ ಸೋತವರಲ್ಲಿ ಹಳೆಯ ಮಾದರಿಯ ಗ್ಯಾಡೊಲಿನಿಯಂ ದ್ರವಗಳಿಂದ ಚರ್ಮ ಗಟ್ಟಿಯಾಗುವ ಒಂದು ಕಠಿಣ ರೋಗ ಬರುವುದು 2006ರಲ್ಲಿ ಬೆಳಕಿಗೆ ಬಂದಿತು. ಹೊಸ ಮಾದರಿಯ ದ್ರವಗಳಲ್ಲಿ ಆ ಅಪಾಯ ಅತ್ಯಲ್ಪ. ಆದರೂ ಮೂತ್ರಪಿಂಡದ ಕಾಯಿಲೆ ಇರುವವರು ಎಂ.ಆರ್.ಐ.ಗೆ ಮೊದಲು ಅದನ್ನು ತಿಳಿಸಲೇಬೇಕು.

ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಹೇಗೆ?

ಮುಷ್ಟಿಯಷ್ಟು ಗಾತ್ರದ ಎರಡು ಮೂತ್ರಪಿಂಡಗಳಿಗೆ ಹೃದಯ ಹೊರದೂಡುವ ರಕ್ತದ ಸುಮಾರು ಐದನೆಯ ಒಂದು ಭಾಗ ಹರಿಯುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ಮರಳಿ ಹೀರಿ, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಅವು ಹೊರಗೆ ಬಿಡುತ್ತವೆ. ಸೂಜಿಯ ಮೂಲಕ ಒಳಹೋದ ಕಾಂಟ್ರಾಸ್ಟ್ ಕರಗಿ ಬೇರೆ ವಸ್ತುವಾಗುವುದಿಲ್ಲ, ಇದ್ದಂತೆಯೇ ಇದೇ ಸೋಸುವಿಕೆಯ ಮೂಲಕ ಹೊರಬೀಳಬೇಕು. ಮೂತ್ರಪಿಂಡ ಆರೋಗ್ಯವಾಗಿದ್ದರೆ ಒಂದು ದಿನದೊಳಗೆ ಬಹುತೇಕ ಎಲ್ಲವೂ ಹೊರಹೋಗುತ್ತದೆ.

ಮೂತ್ರಪಿಂಡದ ಹೊರಭಾಗಕ್ಕೆ ರಕ್ತ ಧಾರಾಳ, ಒಳಭಾಗಕ್ಕೆ ಮಾತ್ರ ಬಿಗಿ. ನಮ್ಮ ಮಲಪ್ರಭೆಯ ಕಾಲುವೆಯನ್ನು ನೆನೆಯಿರಿ. ತಲೆಭಾಗದ ಹೊಲಕ್ಕೆ ನೀರು ತುಂಬಿ ಹರಿಯುತ್ತದೆ, ಕೊನೆಯಂಚಿನ ಹೊಲಕ್ಕೆ ತೊಟ್ಟಿಕ್ಕುತ್ತದೆ. ಮೇಲೆ ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಆ ಕೊನೆಯಂಚಿನ ಹೊಲವೇ. ಕಾಂಟ್ರಾಸ್ಟ್ ಸ್ವಲ್ಪ ಹೊತ್ತು ಮೂತ್ರಪಿಂಡದ ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಸೂಕ್ಷ್ಮ ನಾಳಗಳಲ್ಲಿ ಹರಿವನ್ನು ಮಂದಗೊಳಿಸುತ್ತದೆ, ಆ ನಾಳಗಳ ಜೀವಕೋಶಗಳಿಗೂ ನೇರವಾಗಿ ಒಂದಿಷ್ಟು ತೊಂದರೆ ಕೊಡುತ್ತದೆ. ಕಾಲುವೆ ತುಂಬಿದ್ದರೆ ಕೊನೆಯಂಚಿನ ಹೊಲ ಇದನ್ನು ತಡೆದುಕೊಳ್ಳುತ್ತದೆ. ದೇಹ ಮೊದಲೇ ಒಣಗಿದ್ದರೆ, ಮೂತ್ರಪಿಂಡ ಮೊದಲೇ ಸೋತಿದ್ದರೆ ತಡೆದುಕೊಳ್ಳದು.

ಹೀಗೆ ಪೆಟ್ಟಾದಾಗ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣ ಎರಡು ಮೂರು ದಿನಗಳಲ್ಲಿ ಏರುತ್ತದೆ. 48 ಗಂಟೆಗಳೊಳಗೆ ಅದು 0.3 ಮಿಲಿಗ್ರಾಂನಷ್ಟು ಏರಿದರೂ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಹೆಚ್ಚಿನವರಲ್ಲಿ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮೊದಲೇ ಮೂತ್ರಪಿಂಡ ಬಹಳ ದುರ್ಬಲವಾಗಿದ್ದ ಕೆಲವರಲ್ಲಿ ಮಾತ್ರ ಇಳಿಯದೆ ನಿಲ್ಲಬಹುದು, ಡಯಾಲಿಸಿಸ್‌ವರೆಗೂ ಹೋಗಬಹುದು.

ಅಪಾಯ ಎಷ್ಟು? ಯಾರಿಗೆ?

ಈ ವಿಷಯದಲ್ಲಿ ವೈದ್ಯಲೋಕದ ತಿಳಿವಳಿಕೆ ಕಳೆದ ಹದಿನೈದು ವರ್ಷಗಳಲ್ಲಿ ಬಹಳ ಬದಲಾಗಿದೆ. ಮೊದಲು ಸ್ಕ್ಯಾನಿಂಗ್ ಆದ ಮೇಲೆ ಕ್ರಿಯಾಟಿನಿನ್ ಏರಿದರೆ ಅದೆಲ್ಲ ಕಾಂಟ್ರಾಸ್ಟ್‌ನದೇ ತಪ್ಪು ಎಂದು ಎಣಿಸುತ್ತಿದ್ದರು. 2013ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು, ಕಾಂಟ್ರಾಸ್ಟ್ ಪಡೆದವರನ್ನೂ ಪಡೆಯದೆ ಸ್ಕ್ಯಾನ್ ಮಾಡಿಸಿಕೊಂಡವರನ್ನೂ ಸಾವಿರಾರು ಸಂಖ್ಯೆಯಲ್ಲಿ ಹೋಲಿಸಿ ನೋಡಿದರು. ಕಾಂಟ್ರಾಸ್ಟ್ ಪಡೆಯದ ರೋಗಿಗಳಲ್ಲಿಯೂ ಕ್ರಿಯಾಟಿನಿನ್ ಏರಿದ್ದು ಕಂಡುಬಂದಿತು. ಸೋಂಕು, ರಕ್ತದೊತ್ತಡದ ಕುಸಿತ, ನಿರ್ಜಲತೆ, ಇತರ ಔಷಧಗಳು ಇದಕ್ಕೆ ಕಾರಣವಾಗಿರುತ್ತವೆ. ಮೂತ್ರಪಿಂಡ ತೀರ ಸೋತವರ ವಿಷಯದಲ್ಲಿ ಆ ಎರಡು ಅಧ್ಯಯನಗಳ ತೀರ್ಮಾನ ಒಂದೇ ಆಗಿರಲಿಲ್ಲ. ಆದರೆ ಉಳಿದವರ ವಿಷಯದಲ್ಲಿ ಹಳೆಯ ಭಯ ಅತಿಯಾಗಿತ್ತೆಂಬುದು ಸ್ಪಷ್ಟವಾಯಿತು.

2020ರಲ್ಲಿ ಅಮೆರಿಕದ ವಿಕಿರಣತಜ್ಞರ ಸಂಸ್ಥೆ ಮತ್ತು ರಾಷ್ಟ್ರೀಯ ಮೂತ್ರಪಿಂಡ ಪ್ರತಿಷ್ಠಾನ ಸೇರಿ ಒಂದು ಒಮ್ಮತದ ಹೇಳಿಕೆ ಪ್ರಕಟಿಸಿದವು. ಮೂತ್ರಪಿಂಡದ ಸೋಸುವ ಶಕ್ತಿಯನ್ನು ಇ.ಜಿ.ಎಫ್.ಆರ್. ಎಂಬ ಅಂಕಿಯಲ್ಲಿ ಹೇಳುತ್ತಾರೆ. ಆರೋಗ್ಯವಂತ ತರುಣರಲ್ಲಿ ಅದು 90ಕ್ಕಿಂತ ಹೆಚ್ಚು. ರಕ್ತನಾಳದ ಮೂಲಕ ಕಾಂಟ್ರಾಸ್ಟ್ ಕೊಟ್ಟು ಸಿ.ಟಿ. ಮಾಡಿದಾಗ, ಈ ಅಂಕಿ 45ಕ್ಕಿಂತ ಮೇಲಿದ್ದವರಿಗೆ ಅಪಾಯ ಹೆಚ್ಚುಕಡಿಮೆ ಶೂನ್ಯ. 30ರಿಂದ 44ರವರೆಗೆ ಇದ್ದವರಲ್ಲಿ ನೂರಕ್ಕೆ ಎರಡರವರೆಗೆ. 30ಕ್ಕಿಂತ ಕೆಳಗಿದ್ದವರಲ್ಲಿ ನೂರಕ್ಕೆ ಹದಿನೇಳರವರೆಗೂ ಇರಬಹುದು ಎಂಬುದು ಅವರ ಅಂದಾಜು. ಹೃದಯದ ಆಂಜಿಯೋಗ್ರಾಮ್, ಆಂಜಿಯೋಪ್ಲಾಸ್ಟಿಗಳಲ್ಲಿ ರೋಗಿಯ ಸ್ಥಿತಿಯೇ ಹೆಚ್ಚು ನಾಜೂಕಾಗಿರುವುದರಿಂದ ಹೆಚ್ಚಿನ ಎಚ್ಚರ ಬೇಕು.

ಇದರ ಅರ್ಥ ಇಷ್ಟೇ. ‘ಡೈ ಹಾಕಿದರೆ ಕಿಡ್ನಿ ಹೋಗುತ್ತದೆ’ ಎಂಬ ಮಾತು ಬಹುಜನರಿಗೆ ಸುಳ್ಳು, ಕೆಲವರಿಗೆ ಮಾತ್ರ ಎಚ್ಚರಿಕೆಯ ಮಾತು. ಆ ಕೆಲವರಲ್ಲಿ ನಾನು ಇದ್ದೇನೆಯೇ ಎಂಬುದನ್ನು ತಿಳಿದುಕೊಳ್ಳುವುದೇ ನಮ್ಮ ಕೆಲಸ. ಅದಕ್ಕೆ ಬೇಕಾದುದು ಒಂದು ಸಾದಾ ರಕ್ತ ಪರೀಕ್ಷೆ.

ಆ ಪರೀಕ್ಷೆಯನ್ನು ಓದುವಲ್ಲಿಯೂ ಒಂದು ಸೂಕ್ಷ್ಮವಿದೆ. ಕ್ರಿಯಾಟಿನಿನ್ 1.2 ಎಂದು ಬಂದರೆ ‘ನಾರ್ಮಲ್ ಐತಿ’ ಎಂದು ಕಾಗದ ಮಡಚಿಡುತ್ತಾರೆ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. 25 ವರ್ಷದ ಗಟ್ಟಿ ಮೈಯ ಯುವಕನಲ್ಲಿ 1.2 ಎಂದರೆ ಸೋಸುವ ಶಕ್ತಿ ಸುಮಾರು 86. ಅದೇ 1.2 ಎಂಬ ಅಂಕಿ 70 ವರ್ಷದ ತಾಯಿಯಲ್ಲಿ ಬಂದರೆ ಸೋಸುವ ಶಕ್ತಿ ಸುಮಾರು 49 ಮಾತ್ರ. ಕಾಗದದಲ್ಲಿ ಒಂದೇ ಅಂಕಿ, ದೇಹದಲ್ಲಿ ಅರ್ಧದಷ್ಟು ವ್ಯತ್ಯಾಸ. ಆದ್ದರಿಂದ ಕ್ರಿಯಾಟಿನಿನ್ ಜೊತೆಗೆ ಇ.ಜಿ.ಎಫ್.ಆರ್. ಎಷ್ಟು ಎಂದು ಕೇಳುವುದನ್ನು ಮನೆಯ ಹಿರಿಯರ ವಿಷಯದಲ್ಲಿ ಮರೆಯಬಾರದು.

ನಮ್ಮ ನೆಲದ ಮೂತ್ರಪಿಂಡಗಳು

ಅಮೆರಿಕದ ಅಂಕಿಗಳನ್ನು ಓದಿ ನಾವು ನಿಶ್ಚಿಂತರಾಗಬಾರದು. ಆ ಅಂಕಿಗಳು ಮೂತ್ರಪಿಂಡದ ಸ್ಥಿತಿ ಮೊದಲೇ ಗೊತ್ತಿರುವ ರೋಗಿಗಳವು. ನಮ್ಮಲ್ಲಿ ಬಹಳ ಜನರಿಗೆ ಅದು ಗೊತ್ತೇ ಇರುವುದಿಲ್ಲ.

ನಮ್ಮ ಬೇಸಿಗೆಯನ್ನು ನೋಡಿರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇಳಕಲ್‌ನ ಗ್ರಾನೈಟ್ ಕ್ವಾರಿಗಳಲ್ಲಿ ಕಾದ ಕಲ್ಲಿನ ನಡುವೆ ದುಡಿಯುವವರು, ಹುನಗುಂದದ ಎರೆಭೂಮಿಯಲ್ಲಿ ದಿನವಿಡೀ ಬಾಗಿ ಕೆಲಸ ಮಾಡುವ ತಾಯಂದಿರು ಬೆವರಿನಲ್ಲಿ ಕಳೆದುಕೊಂಡಷ್ಟು ನೀರನ್ನು ಕುಡಿಯುವುದಿಲ್ಲ. ಹೊಲದಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಮೂತ್ರವಿಸರ್ಜನೆಗೆ ಸೂಕ್ತ ಸ್ಥಳವಿಲ್ಲವೆಂದು ಹೆಣ್ಣುಮಕ್ಕಳು ಬೇಕೆಂದೇ ನೀರು ಬಿಡುತ್ತಾರೆ. ಚರಕಾಚಾರ್ಯರು ತಡೆಯಬಾರದ ಹದಿಮೂರು ವೇಗಗಳನ್ನು ಹೇಳುವಾಗ ಮೂತ್ರವೇಗವನ್ನು ಮೊದಲಿಗೇ ಎಣಿಸಿದ್ದಾರೆ. ನಮ್ಮ ತಾಯಂದಿರು ಅದನ್ನು ದಿನವೂ ತಡೆಯುವಂತಹ ಪರಿಸ್ಥಿತಿಯನ್ನು ನಾವೇ ಉಳಿಸಿಕೊಂಡಿದ್ದೇವೆ.

ನೋವಿನ ಗುಳಿಗೆಗಳದು ಇನ್ನೊಂದು ಕಥೆ. ಇಳಕಲ್, ಗುಳೇದಗುಡ್ಡ, ಕಮತಗಿಗಳ ನೇಕಾರರು ತಗ್ಗಿನಲ್ಲಿ ಕಾಲಿಳಿಬಿಟ್ಟು ದಿನಕ್ಕೆ ಎಂಟು ಹತ್ತು ತಾಸು ಮಗ್ಗದ ಮುಂದೆ ಕುಳಿತುಕೊಳ್ಳುತ್ತಾರೆ. ಸೊಂಟ, ಮಂಡಿ, ಭುಜ ನೋಯುವುದು ಸಹಜ. ಅಂಗಡಿಯಲ್ಲಿ ಎರಡು ಗುಳಿಗೆ, ನೋವು ಹೆಚ್ಚಾದರೆ ಊರಿನಲ್ಲಿಯೇ ಒಂದು ಸೂಜಿ. ಡೈಕ್ಲೊಫೆನಾಕ್, ಎಸಿಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದ ಈ ಗುಳಿಗೆಗಳು ನೋವನ್ನು ಶಮನ ಮಾಡುವುದೇನೋ ನಿಜ. ಆದರೆ ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡ ತನ್ನ ರಕ್ತನಾಳವನ್ನು ಹಿಗ್ಗಿಸಿಕೊಂಡು ಬದುಕಿಕೊಳ್ಳುವ ಉಪಾಯವನ್ನೇ ಅವು ಮುಚ್ಚಿಬಿಡುತ್ತವೆ. ಬೆವರಿ ಒಣಗಿದ ದೇಹ, ಮೇಲೆ ನೋವಿನ ಗುಳಿಗೆ, ಅದರ ಮೇಲೆ ಸಕ್ಕರೆ ಕಾಯಿಲೆ, ಕೊನೆಗೆ ಕಾಂಟ್ರಾಸ್ಟ್. ನಾಲ್ಕನೆಯದು ಬಂದಾಗ ಮೂತ್ರಪಿಂಡ ಕುಸಿದರೆ ಜನ ನಾಲ್ಕನೆಯದನ್ನು ಮಾತ್ರ ಬೈಯುತ್ತಾರೆ. ಮೊದಲ ಮೂರನ್ನು ಹಾಕಿದವರು ನಾವೇ.

ಇಳಕಲ್‌ನ ಶ್ರೀ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ನಡೆದು ದವಸ ಧಾನ್ಯವನ್ನಲ್ಲ, ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಸೆರೆ, ತಂಬಾಕು, ಗುಟಕಾಗಳನ್ನು ಆ ಜೋಳಿಗೆಗೆ ಹಾಕಿದ ಮನೆಗಳು ಈ ಭಾಗದಲ್ಲಿ ಅಸಂಖ್ಯ. ವೈದ್ಯರ ಚೀಟಿಯಿಲ್ಲದೆ ನೋವಿನ ಗುಳಿಗೆ ನುಂಗುವ ರೂಢಿಯನ್ನೂ ಅದೇ ಜೋಳಿಗೆಗೆ ಹಾಕುವ ಕಾಲ ಬಂದಿದೆ ಎಂದು ನನಗೆ ಅನಿಸುತ್ತದೆ.

ನಮ್ಮ ಪದ್ಧತಿಯ ವೈದ್ಯರಿಗೂ ಭಕ್ತರಿಗೂ ಒಂದು ನೇರ ಮಾತು

ಆಯುರ್ವೇದ ವೈದ್ಯನಾದವನು ಸ್ಕ್ಯಾನಿಂಗ್ ವಿಷಯ ಏಕೆ ಬರೆಯಬೇಕು ಎಂದು ಕೆಲವರಿಗೆ ಅನಿಸಬಹುದು. ಸ್ಕ್ಯಾನಿಂಗ್‌ಗೆ ಹೋಗುವ ಮೊದಲೂ ಬಂದ ಮೇಲೂ ರೋಗಿಗಳು ನಮ್ಮಂಥವರ ಬಳಿಗೇ ಬರುತ್ತಾರೆ ಎಂಬುದೇ ಉತ್ತರ. ಆಗ ನಾವು ಹೇಳುವ ಮಾತು ಅವರ ನಿರ್ಧಾರವನ್ನು ತಿರುಗಿಸುತ್ತದೆ.

‘ಡೈ ವಿಷವನ್ನು ಹೊರಹಾಕಲು’ ಎಂದು ಸ್ಕ್ಯಾನಿಂಗ್‌ಗೆ ಮೊದಲು ಅಥವಾ ಅನಂತರ ಪುನರ್ನವ, ಗೋಕ್ಷುರಗಳ ಕಷಾಯ, ಕಿಡ್ನಿ ಶುದ್ಧಿಯ ಚೂರ್ಣ ಕೊಡಿರೆಂದು ಕೇಳಿಕೊಂಡು ಬರುವವರಿದ್ದಾರೆ. ನಾನು ಬರೆದುಕೊಡುವುದಿಲ್ಲ. ಪುನರ್ನವ, ಗೋಕ್ಷುರಗಳ ಮೇಲೆ ನನಗೆ ಗೌರವವಿದೆ. ಅವುಗಳಿಗೆ ಅವುಗಳದೇ ಸ್ಥಾನವಿದೆ. ಆದರೆ ಚರಕಸಂಹಿತೆಯಲ್ಲಿ ವೃಕ್ಕಗಳನ್ನು ಮೇದೋವಹ ಸ್ರೋತಸ್ಸಿನ ಮೂಲವೆಂದೂ, ಮೂತ್ರವಹ ಸ್ರೋತಸ್ಸಿನ ಮೂಲವನ್ನು ಬಸ್ತಿ ಮತ್ತು ವಂಕ್ಷಣಗಳೆಂದೂ ಹೇಳಿದೆ. ಪ್ರಾಚೀನರು ತಮಗೆ ಕಂಡುದನ್ನು ಪ್ರಾಮಾಣಿಕವಾಗಿ ಬರೆದಿಟ್ಟರು. ರಕ್ತನಾಳಕ್ಕೆ ಅಯೋಡಿನ್ ದ್ರವ ಹರಿಸುವ ಪರೀಕ್ಷೆಗೆ ಅವರ ಹೆಸರಿನಲ್ಲಿ ಔಷಧ ಹುಟ್ಟಿಸುವುದು ಅವರಿಗೆ ತೋರುವ ಗೌರವವಲ್ಲ. ಆಧುನಿಕರೂ ಈ ದಾರಿಯಲ್ಲಿ ಪ್ರಯತ್ನಿಸಿದ್ದಾರೆ. ಅಸಿಟೈಲ್‌ಸಿಸ್ಟೀನ್ ಎಂಬ ಗುಳಿಗೆಯನ್ನೂ ಸೋಡಾ ಬೈಕಾರ್ಬೊನೇಟನ್ನೂ ವರ್ಷಗಟ್ಟಲೆ ರಕ್ಷಣೆಗೆಂದು ಕೊಡುತ್ತಿದ್ದರು. 2018ರಲ್ಲಿ ಆಂಜಿಯೋಗ್ರಾಮ್‌ಗೆ ಒಳಗಾದ ಸುಮಾರು 5,000 ರೋಗಿಗಳ ಅಧ್ಯಯನ ಪ್ರಕಟವಾಯಿತು. ಗುಳಿಗೆಯಿಂದ ಯಾವ ಲಾಭವೂ ಇಲ್ಲ, ಸೋಡಾದ ಸಲೈನ್ ಸಾದಾ ಉಪ್ಪುನೀರಿನ ಸಲೈನ್‌ಗಿಂತ ಮೇಲಲ್ಲ ಎಂದು ಸಾಬೀತಾಯಿತು. ಅವರು ಆ ರೂಢಿಯನ್ನು ಕೈಬಿಡತೊಡಗಿದರು. ನಾವೂ ಅಷ್ಟೇ ಮನಸ್ಸು ಬಿಚ್ಚಿ ನಡೆಯಬೇಕು.

ಗಿಡಮೂಲಿಕೆ ಎಂದಮಾತ್ರಕ್ಕೆ ಮೂತ್ರಪಿಂಡಕ್ಕೆ ನಿರಪಾಯ ಎನ್ನುವಂತಿಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ ತೂಕ ಇಳಿಸುವ ಔಷಧದಲ್ಲಿ ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯ ಜಾತಿಯ ಬೇರು ಸೇರಿಹೋಯಿತು. ಅನೇಕ ಮಹಿಳೆಯರ ಮೂತ್ರಪಿಂಡಗಳು ಶಾಶ್ವತವಾಗಿ ಕೆಟ್ಟವು. ನಮ್ಮಲ್ಲಿ ಹಾವಿನ ವಿಷಕ್ಕೆಂದು ಬಳಸುವ ಈಶ್ವರಿ ಬೇರು ಇದೇ ಜಾತಿಯದು; ಅದರಲ್ಲಿಯೂ ಅದೇ ವಿಷಾಂಶವಿದೆ. ರಸ, ಭಸ್ಮಗಳ ವಿಷಯದಲ್ಲಿಯೂ ಅಷ್ಟೇ. ಪಾದರಸ, ಸೀಸಗಳು ಸೇರಿದ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕು. ಸಂತೆಯಲ್ಲಿ, ಜಾತ್ರೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಮಂಡಿನೋವಿನ ಪುಡಿಯಲ್ಲಿ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ಸ್ಕ್ಯಾನಿಂಗ್‌ಗೆ ಹೋಗುವಾಗ ನಮ್ಮಿಂದ ಪಡೆದ ಔಷಧಗಳ ಹೆಸರನ್ನೂ ಅಲ್ಲಿ ಹೇಳಬೇಕು. ‘ಇಂಗ್ಲಿಷ್ ಡಾಕ್ಟರು ಬೈತಾರ’ ಎಂದು ಮುಚ್ಚಿಡುವುದು ತರವಲ್ಲ. ನನ್ನ ಸಹವೃತ್ತಿಯವರಲ್ಲಿ ನನ್ನ ವಿನಂತಿ ಇದು: ಕೊಟ್ಟ ಔಷಧದ ಹೆಸರನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಚೀಟಿಯಲ್ಲಿ ಬರೆದುಕೊಡೋಣ. ಹೆಸರು ಬರೆಯಲು ಹಿಂಜರಿಯುವ ಔಷಧವನ್ನು ಕೊಡುವುದೇ ಬೇಡ.

ಸ್ಕ್ಯಾನಿಂಗ್‌ಗೆ ಮೊದಲು ಮತ್ತು ಅನಂತರ

ಭಕ್ತಬಾಂಧವರು ಈ ಕೆಲವು ಸಂಗತಿಗಳನ್ನು ಮನೆಯಲ್ಲಿ ಬರೆದಿಟ್ಟುಕೊಳ್ಳಬೇಕು.

ಒಂದು, ತುರ್ತು ಸ್ಥಿತಿಯಲ್ಲಿ ಮೂತ್ರಪಿಂಡದ ಲೆಕ್ಕ ಹಾಕುತ್ತ ಕೂಡಬಾರದು. ಹೃದಯಾಘಾತ, ಪಾರ್ಶ್ವವಾಯು, ಅಪಘಾತಗಳಲ್ಲಿ ಒಂದೊಂದು ನಿಮಿಷವೂ ಜೀವದ ಬೆಲೆಯದು. ಹೃದಯಾಘಾತಕ್ಕೆ ತಾಲ್ಲೂಕು ಮಟ್ಟದಲ್ಲಿಯೇ ಇ.ಸಿ.ಜಿ. ತೆಗೆದು ಚಿಕಿತ್ಸೆ ಆರಂಭಿಸಲೆಂದು ರಾಜ್ಯ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಂದಿರುವುದೂ ಈ ಕಾರಣಕ್ಕಾಗಿಯೇ. ಅಲ್ಲಿ ವೈದ್ಯರು ಆಂಜಿಯೋಗ್ರಾಮ್ ಬೇಕೆಂದರೆ ಒಪ್ಪಿಕೊಳ್ಳಬೇಕು. ಹೃದಯ ನಿಂತ ಮೇಲೆ ಮೂತ್ರಪಿಂಡ ಉಳಿದು ಫಲವೇನು?

ಎರಡು, ತುರ್ತಿಲ್ಲದ ಸ್ಕ್ಯಾನಿಂಗ್‌ಗೆ ಮೊದಲು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ದೌರ್ಬಲ್ಯ, ಹಿಂದೆ ಮೂತ್ರಪಿಂಡದ ತೊಂದರೆ ಇದ್ದವರು ಮತ್ತು ವಯೋವೃದ್ಧರು ಕ್ರಿಯಾಟಿನಿನ್ ಮತ್ತು ಇ.ಜಿ.ಎಫ್.ಆರ್. ನೋಡಿಸಿಕೊಳ್ಳಬೇಕು. ಎಲ್ಲರಿಗೂ ಈ ಪರೀಕ್ಷೆ ಅನಾವಶ್ಯಕ, ಖರ್ಚು ಹೆಚ್ಚಿಸುತ್ತದೆ ಎನ್ನುವ ತಜ್ಞರಿದ್ದಾರೆ. ಆರೋಗ್ಯವಂತ ತರುಣರ ವಿಷಯದಲ್ಲಿ ಆ ಮಾತು ಸರಿ. ಆದರೆ ಸಕ್ಕರೆ ಮತ್ತು ರಕ್ತದೊತ್ತಡ ಇರುವವರು ಸ್ಕ್ಯಾನಿಂಗ್ ಇರಲಿ ಬಿಡಲಿ, ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಪರೀಕ್ಷೆ ಇದು. ಅದನ್ನು ಹೆಚ್ಚುವರಿ ಖರ್ಚೆಂದು ನಾನು ಒಪ್ಪುವುದಿಲ್ಲ.

ಮೂರು, ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದರೆ ನೀರೂ ಬೇಡವೆಂದು ತಿಳಿಯಬಾರದು. ಮುಂಜಾನೆ ಬಾದಾಮಿಯಿಂದ ಹೊರಟ ಹಿರಿಯರು ಹಿಂದಿನ ರಾತ್ರಿಯಿಂದ ಒಂದು ಹನಿ ನೀರೂ ಕುಡಿಯದೆ ಮಧ್ಯಾಹ್ನ ಎರಡರವರೆಗೆ ಸರದಿಯಲ್ಲಿ ಕುಳಿತಿರುತ್ತಾರೆ. ಅರಿವಳಿಕೆ ಕೊಡದ ಬಹುತೇಕ ಸ್ಕ್ಯಾನಿಂಗ್‌ಗಳಿಗೆ ನೀರು ಕುಡಿಯಬಹುದು; ಎಷ್ಟು ಹೊತ್ತಿನವರೆಗೆ ಎಂದು ಅಲ್ಲಿಯೇ ಕೇಳಿ ತಿಳಿಯಬೇಕು. ಶ್ರಾವಣ ಸೋಮವಾರದ ನಿರಾಹಾರ ವ್ರತದಂದು ಸ್ಕ್ಯಾನಿಂಗ್ ದಿನ ಗೊತ್ತುಮಾಡಿಕೊಳ್ಳಬಾರದು. ಆದರೆ ಹೃದಯ ದುರ್ಬಲವಾಗಿರುವವರು, ಕಾಲಿಗೆ ಬಾವು ಬರುವವರು ಬಿಂದಿಗೆಗಟ್ಟಲೆ ನೀರು ಕುಡಿಯುವುದೂ ಅಪಾಯ. ಎಳನೀರಿನಲ್ಲಿ ಪೊಟ್ಯಾಷಿಯಂ ಹೆಚ್ಚು, ಮೂತ್ರಪಿಂಡ ಸೋತವರಿಗೆ ಅದು ಒಳ್ಳೆಯದಲ್ಲ. ಎಷ್ಟು ನೀರು ಎಂಬುದನ್ನು ವೈದ್ಯರೇ ಹೇಳಬೇಕು. ಇ.ಜಿ.ಎಫ್.ಆರ್. 30ಕ್ಕಿಂತ ಕಡಿಮೆ ಇದ್ದವರಿಗೆ ಅವರು ಸಲೈನ್ ಕೊಡಬಹುದು.

ನಾಲ್ಕು, ನೋವಿನ ಗುಳಿಗೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಸಕ್ಕರೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನೂ ತಿಳಿಸಬೇಕು. ಮೆಟ್‌ಫಾರ್ಮಿನ್ ಮೂತ್ರಪಿಂಡವನ್ನು ಕೆಡಿಸುವುದಿಲ್ಲ, ಆದರೆ ಮೂತ್ರಪಿಂಡ ಕೆಟ್ಟರೆ ಅದು ದೇಹದಲ್ಲಿ ಉಳಿದು ರಕ್ತವನ್ನು ಆಮ್ಲಮಯ ಮಾಡಬಹುದು. ಆದ್ದರಿಂದ ಮೂತ್ರಪಿಂಡ ದುರ್ಬಲವಿದ್ದವರಲ್ಲಿ ಪರೀಕ್ಷೆಯ ದಿನದಿಂದ 48 ಗಂಟೆ ನಿಲ್ಲಿಸಿ, ಕ್ರಿಯಾಟಿನಿನ್ ನೋಡಿ ಮತ್ತೆ ಆರಂಭಿಸುತ್ತಾರೆ. ರಕ್ತದೊತ್ತಡದ, ಹೃದಯದ ಗುಳಿಗೆಗಳನ್ನು ತಾವಾಗಿಯೇ ಬಿಡಬಾರದು. ಹಿಂದೆ ಕಾಂಟ್ರಾಸ್ಟ್‌ನಿಂದ ಮೈಮೇಲೆ ದದ್ದು, ಉಸಿರಾಟದ ತೊಂದರೆ ಆಗಿದ್ದರೆ ಅದನ್ನು ಮೊದಲೇ ಹೇಳಬೇಕು. ಅದು ಮೂತ್ರಪಿಂಡದ ವಿಷಯವಲ್ಲ, ಅಲರ್ಜಿಯ ವಿಷಯ.

ಐದು, ಹಳೆಯ ಸ್ಕ್ಯಾನಿಂಗ್ ಫಿಲ್ಮ್, ಸಿ.ಡಿ., ವರದಿಗಳನ್ನು ಜೋಪಾನವಾಗಿಟ್ಟು ಜೊತೆಗೆ ಒಯ್ಯಬೇಕು. ಬಾಗಲಕೋಟೆಯಲ್ಲಿ ಇಂದು ಮಾಡಿಸಿದ ಕಾಂಟ್ರಾಸ್ಟ್ ಸಿ.ಟಿ.ಯ ವರದಿಯನ್ನು ಮನೆಯಲ್ಲಿ ಬಿಟ್ಟು, ನಾಡಿದ್ದು ಹುಬ್ಬಳ್ಳಿಯಲ್ಲಿ ಮತ್ತೆ ಅದನ್ನೇ ಮಾಡಿಸಿಕೊಂಡರೆ ಮೂತ್ರಪಿಂಡಕ್ಕೆ ಎರಡು ಹೊರೆ, ಕಿಸೆಗೂ ಎರಡು ಹೊರೆ.

ಆರು, ಸ್ಕ್ಯಾನಿಂಗ್ ಆದ ಎರಡು ಮೂರು ದಿನ ಮೂತ್ರದ ಪ್ರಮಾಣದ ಮೇಲೆ ಗಮನವಿರಲಿ. ಮೂತ್ರ ಬಹಳ ಕಡಿಮೆಯಾದರೆ, ಮುಖ ಕಾಲುಗಳು ಬಾತರೆ, ಉಸಿರು ಕಟ್ಟಿದಂತಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಪಾಯವಿದ್ದವರು ಏನೂ ತೊಂದರೆ ಕಾಣದಿದ್ದರೂ 48ರಿಂದ 72 ಗಂಟೆಗಳೊಳಗೆ ಕ್ರಿಯಾಟಿನಿನ್ ಮತ್ತೊಮ್ಮೆ ನೋಡಿಸಬೇಕು. ಮನೆಗೆ ಬಂದ ಮೇಲೆ ಈ ಪರೀಕ್ಷೆಗೆ ಮರಳಿ ಹೋಗುವವರು ಬಹಳ ವಿರಳ. ಈ ಉದಾಸೀನ ಸಲ್ಲದು.

ಮಠಗಳು ಮಾಡಬಹುದಾದ ಕಾರ್ಯ

ಜಾತ್ರೆ, ಪುಣ್ಯಸ್ಮರಣೆಗಳ ಸಂದರ್ಭದಲ್ಲಿ ನಮ್ಮ ಮಠಗಳು ಆರೋಗ್ಯ ತಪಾಸಣೆ ಶಿಬಿರಗಳನ್ನು ನಡೆಸುತ್ತಿರುವುದು ಸ್ತುತ್ಯರ್ಹ. ಅಲ್ಲಿ ಸಕ್ಕರೆ ಮತ್ತು ರಕ್ತದೊತ್ತಡವನ್ನು ನೋಡುತ್ತಾರೆ. ಈ ಎರಡರ ಜೊತೆಗೆ ಇನ್ನೆರಡನ್ನು ಸೇರಿಸಬೇಕೆಂದು ಪೂಜ್ಯರಲ್ಲಿ ನನ್ನ ವಿನಮ್ರ ಬಿನ್ನಹ: ಮೂತ್ರದಲ್ಲಿ ಪ್ರೊಟೀನ್ ಪರೀಕ್ಷೆ ಮತ್ತು ರಕ್ತದ ಕ್ರಿಯಾಟಿನಿನ್. ಮೂತ್ರಪಿಂಡ ಅರ್ಧಕ್ಕಿಂತ ಹೆಚ್ಚು ಸೋಲುವವರೆಗೂ ನೋವಿಲ್ಲ, ಬಾವಿಲ್ಲ, ಯಾವ ಸೂಚನೆಯೂ ಇಲ್ಲ. ಅದರ ಮೌನವನ್ನು ಕೇಳಿಸಿಕೊಳ್ಳುವ ಕಿವಿ ಈ ಎರಡು ಪರೀಕ್ಷೆಗಳು. ಶಿಬಿರಕ್ಕೆ ಬಂದ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಒಂದು ಚಿಕ್ಕ ಕಾರ್ಡು ಕೊಟ್ಟು, ಅದರಲ್ಲಿ ಅವರ ಕ್ರಿಯಾಟಿನಿನ್, ಇ.ಜಿ.ಎಫ್.ಆರ್., ನುಂಗುವ ಗುಳಿಗೆಗಳು, ಸೇವಿಸುವ ಆಯುರ್ವೇದ ಔಷಧಗಳು, ಹಿಂದಿನ ಕಾಂಟ್ರಾಸ್ಟ್ ಪರೀಕ್ಷೆಯ ದಿನಾಂಕ ಇಷ್ಟನ್ನು ಬರೆದರೆ ಸಾಕು. ಆ ಕಾರ್ಡು ಸ್ಕ್ಯಾನಿಂಗ್ ಕೇಂದ್ರದ ಬಾಗಿಲಲ್ಲಿ ರೋಗಿಯ ಪರವಾಗಿ ತಾನೇ ಮಾತನಾಡುತ್ತದೆ. ಸ್ಕ್ಯಾನಿಂಗ್ ಕೇಂದ್ರಗಳೂ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಮುದ್ರಿಸಿ, ಸಹಿಗೆ ಮೊದಲು ಓದಿ ಹೇಳಬೇಕು. ತಿಳಿಯದ ಭಾಷೆಯ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾಗುವುದಿಲ್ಲ.

ಜಿಲ್ಲಾ ಮಟ್ಟದಲ್ಲಿ ಉಚಿತ ಡಯಾಲಿಸಿಸ್ ಒದಗಿಸಲು 2016ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂದಿದೆ. ಬಡವರ ಪಾಲಿಗೆ ಅದು ಜೀವದಾನ. ಆದರೆ ವಾರಕ್ಕೆ ಎರಡು ಮೂರು ದಿನ ಹುನಗುಂದದಿಂದ ಬಾಗಲಕೋಟೆಗೆ ಅಲೆಯುವ ನೇಕಾರನ ಮಗ್ಗ ಆ ದಿನಗಳಲ್ಲಿ ಸುಮ್ಮನಿರುತ್ತದೆ, ಅವನ ಜೊತೆಗೆ ಹೋಗುವ ಮಗನ ಕೂಲಿಯೂ ನಿಲ್ಲುತ್ತದೆ. ಕಾಯಕವೇ ಬದುಕಾಗಿರುವ ನಮ್ಮ ಜನಕ್ಕೆ ಮೂತ್ರಪಿಂಡ ಹೋಗುವುದೆಂದರೆ ಕಾಯಕವೇ ಹೋದಂತೆ. ಡಯಾಲಿಸಿಸ್ ಕುರ್ಚಿಗಳ ಸಂಖ್ಯೆ ಹೆಚ್ಚಿಸುವುದು ಸರ್ಕಾರದ ಕೆಲಸ. ಆ ಕುರ್ಚಿಗೆ ಹೋಗಬೇಕಾದವರ ಸಂಖ್ಯೆ ಕಡಿಮೆ ಮಾಡುವುದು ನಮ್ಮೆಲ್ಲರ ಕೆಲಸ.

ಕಾಂಟ್ರಾಸ್ಟ್ ಶತ್ರುವಲ್ಲ. ಕತ್ತಲೆಯಲ್ಲಿದ್ದ ರೋಗವನ್ನು ಬೆಳಕಿಗೆ ತರುವ ಸಾಧನ ಅದು. ಅಗತ್ಯವಿದ್ದಲ್ಲಿ ಧೈರ್ಯದಿಂದ ಮಾಡಿಸಿರಿ, ಅಗತ್ಯವಿಲ್ಲದಲ್ಲಿ ಒತ್ತಾಯಿಸಿ ಬರೆಸಿಕೊಳ್ಳಬೇಡಿರಿ. ಹೋಗುವ ಮೊದಲು ನಿಮ್ಮ ಮೂತ್ರಪಿಂಡದ ಅಂಕಿ ನಿಮಗೆ ಗೊತ್ತಿರಲಿ, ನಿಮ್ಮ ಗುಳಿಗೆಗಳ ಹೆಸರು ಅವರಿಗೆ ಗೊತ್ತಿರಲಿ.